ಆರನೇ ಕೋಣೆಯ ಉಸಿರು

ಬಸ್ಸಿನಲ್ಲಿ ಹಿಂದಿನ ಸೀಟಿನವನು ಥೇಟು ಅಪ್ಪನ ಹಾಗೆಯೇ ಉಸಿರಾಡಿದ. ಗಂಟಲಿನ ತಳದಿಂದ ಗರಗರನೆ ಎಳೆದು, ಎಳೆದದ್ದನ್ನು ಅಲ್ಲೇ ತಡೆದು ನಿಲ್ಲಿಸಿ, ಆಮೇಲೆ ಸುಯ್ಯೆಂದು ಬಿಟ್ಟು, ಕೊನೆಗೆ ಸೀಟಿನ ಕಂಬಿಗೆ ಉಗುರಿನಿಂದ ಟಕ್. ಅವನ ಪಕ್ಕದವಳು ಕಿಸಕ್ಕನೆ ನಕ್ಕಳು. "ಥೂ, ಸಾಕು ನಿಲ್ಲಿಸೋ, ತಿಂದಿದ್ದೆಲ್ಲ ವಾಪಸ್ ಬರುತ್ತೆ." ಅವನು ನಿಲ್ಲಿಸುವ ಪೈಕಿ ಅಲ್ಲ, ಇನ್ನೆರಡು ಸಲ ಮಾಡಿದ. ಮುಂದಿನ ಸೀಟಿನಲ್ಲಿ ಕೂತಿದ್ದ ಸದ್ದಪ್ಪ ತಿರುಗಿ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡ. ಚೀಲದಲ್ಲಿ ಅವನ ರೆಕಾರ್ಡರ್ ಇತ್ತು. ಸದ್ದಪ್ಪ ಅನ್ನುವುದು ಸ್ಟುಡಿಯೋದವರು ಇಟ್ಟ ಹೆಸರು. ಟೀವಿ ಧಾರಾವಾಹಿಗಳಿಗೆ ಸದ್ದು ಮಾಡಿಕೊಡುವುದು ಅವನ ಕಸುಬು. ಹೆಸರು ಇಟ್ಟಾಗ ಸಿಟ್ಟು ಬಂದಿತ್ತು, ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದ ಹಾಗೆ ಅನ್ನಿಸುತ್ತದೆ.

ನಿನ್ನೆ ಸಂಜೆ ಬಂದ ಕಂತು ಉಳಿದ ಕಂತುಗಳ ಹಾಗಿರಲಿಲ್ಲ. ಆಕಾಶದಲ್ಲಿ ಅಲೆಯುವ ಹಡಗು, ಅದರ ನಾಯಕ, ಅವನ ಪ್ರೇಯಸಿ, ಅವರ ಶತ್ರುಗಳು ಅಂತ ವರ್ಷಗಟ್ಟಲೆ ಎಳೆದುಕೊಂಡು ಬಂದ ಧಾರಾವಾಹಿಯಲ್ಲಿ ನಿರ್ದೇಶಕನಿಗೆ ಇದ್ದಕ್ಕಿದ್ದಂತೆ ಹುಕಿ ಬಂದು, ಹಿಂದು ಮುಂದಿನದಕ್ಕೆ ಸಂಬಂಧವೇ ಇಲ್ಲದ ಒಂದು ಒಂಟಿ ಕಂತು ಮಾಡಿದ್ದ. ನಾಯಕನಿಲ್ಲ, ಪ್ರೇಯಸಿಯಿಲ್ಲ. ಸರಕು ಸಾಗಿಸುವ ಬೇರೊಂದು ಹಡಗು, ಅದರಲ್ಲಿ ಏಳು ಜನ. ಆರನೇ ಕೋಣೆಯ ಕಬ್ಬಿಣದ ಗೋಡೆಯ ಆಚೆ ಏನೋ ಒಂದು ಉಸಿರಾಡುತ್ತಿದೆ. ಹಡಗಿನಲ್ಲಿ ಗಾಳಿ ಕಡಿಮೆಯಾಗುತ್ತಾ ಬಂದಿದೆ. ಇಡೀ ಕಂತು ಆ ಏಳು ಜನ ಒಂದೇ ಮಾತಿಗೆ ಜಗಳ ಆಡುತ್ತಾರೆ: ಆರನೇ ಕೋಣೆಗೆ ಹೋಗುವ ಗಾಳಿಯ ನಲ್ಲಿ ತಿರುಗಿಸಿಬಿಡೋಣವೋ ಬೇಡವೋ. ಕೊನೆಗೆ ಕೈ ಎತ್ತಿ ತೀರ್ಮಾನ ಮಾಡಿ ತಿರುಗಿಸುತ್ತಾರೆ. ಉಸಿರು ಸಣ್ಣದಾಗುತ್ತಾ ನಿಲ್ಲುತ್ತದೆ. ಬಾಗಿಲು ತೆಗೆದವಳ ಮುಖದ ಮೇಲೆ ಬೆಳಕು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಒಳಗಿದ್ದದ್ದು ಏನು ಅಂತ ತೋರಿಸುವುದೇ ಇಲ್ಲ. ಆ ಪ್ರಾಣಿಗೆ ಮೈಯಿಲ್ಲ, ಮುಖವಿಲ್ಲ, ಇದ್ದದ್ದು ಸದ್ದಪ್ಪ ಕೊಟ್ಟ ಉಸಿರು ಮಾತ್ರ.

ಕೊಡುವುದಕ್ಕೆ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಮೂಳೆ ಮುರಿಯುವ ಸದ್ದು ಬೇಕೋ, ಎಲೆಕೋಸಿನ ದಿಂಡು ಮುರಿದು ಕೊಡುತ್ತಾನೆ. ಹೊಟ್ಟೆಗೆ ಚೂರಿ ಹಾಕುವ ಸದ್ದು ಬೇಕೋ, ಒದ್ದೆ ಚರ್ಮದ ಕೈಗವಸಿದೆ. ಉಸಿರಿಗೆ ಮಾತ್ರ ಏನು ಮಾಡಿದರೂ ಒಪ್ಪಿಗೆಯಾಗಲಿಲ್ಲ. ಸೈಕಲ್ ಪಂಪು, ತಿದಿ, ಹಳೆಯ ಚರ್ಮದ ಚೀಲ, ಕೊನೆಗೆ ತನ್ನದೇ ಗಂಟಲು. ನಿರ್ದೇಶಕ ಕೇಳಿ ಕೇಳಿ ಮುಖ ಹಿಂಡಿದ. "ಇದು ಪಂಪು ಕಣಯ್ಯಾ. ನನಗೆ ಬೇಕಾಗಿರೋದು ಬದುಕೋಕೆ ಒದ್ದಾಡ್ತಿರೋ ಒಂದು ಜೀವ. ಇಷ್ಟು ವರ್ಷ ಏನು ಸದ್ದು ಮಾಡಿದ್ಯೋ." ಎಲ್ಲರೆದುರಿಗೆ ಅಂದ. ಅವತ್ತು ಮನೆಗೆ ಬಂದು ಚಪ್ಪಲಿ ಬಿಡುವಾಗ ನಡುಮನೆಯ ಮಂಚದಿಂದ ಅಪ್ಪನ ಉಸಿರು ಕೇಳಿಸಿತು. ಎಷ್ಟೋ ವರ್ಷದಿಂದ ಕೇಳಿಸುತ್ತಲೇ ಇತ್ತು, ಅವತ್ತು ಕಿವಿಗೆ ಬಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದೆನಲ್ಲ ಅಂತ ಅವನಿಗೆ ನಗು ಬಂತು, ನಿಜವಾದ ನಗು. ಆ ಹೊತ್ತಿಗೆ ಅಪ್ಪನಿಗೆ ಉಬ್ಬಸ ಜೋರಾಗಿತ್ತು, ಔಷಧಿಯ ಹಬೆ ಕೊಡುವ ಯಂತ್ರದ ಕಡೆಗೆ ಕೈ ಚಾಚಿದ್ದರು. ಅವನು ಮಾಸ್ಕ್ ಎತ್ತಿಕೊಂಡ, ಆದರೆ ಕೊಡಲಿಲ್ಲ. "ಒಂಚೂರು ತಡೀರಿ ಅಪ್ಪ. ಡಾಕ್ಟರಿಗೆ ಕೇಳಿಸೋಕೆ ರೆಕಾರ್ಡ್ ಮಾಡ್ಕೋತೀನಿ. ಔಷಧಿ ತಗೊಂಡ್ರೆ ಅವರಿಗೆ ಗೊತ್ತಾಗಲ್ಲ." ಅಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಸೀಟಿ ಊದಿದರೆ ಮೂರು ಬೀದಿಯ ಮಕ್ಕಳು ನೆಟ್ಟಗೆ ನಿಲ್ಲುತ್ತಿದ್ದರು. ಇವನೂ ಸಾಲಿನಲ್ಲಿ ನಿಂತವನೇ, ಉಸಿರಿನ ಲೆಕ್ಕ ತಪ್ಪಿದ್ದಕ್ಕೆ ಮೊಣಕಾಲಿಗೆ ಏಟು ತಿಂದವನೇ. ಡಾಕ್ಟರು ಅಂದ ಕೂಡಲೇ ಅಪ್ಪ ದಿಂಬು ಸರಿಸಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮೈಕಿಗೆ ಎದೆ ಕೊಟ್ಟು, ತಮ್ಮ ಕೈಲಾದಷ್ಟು ಚೆನ್ನಾಗಿ, ಜೋರಾಗಿ ಉಸಿರಾಡಿ ತೋರಿಸಿದರು. ಎಳೆ, ತಡೆ, ಬಿಡು. ಬಿಟ್ಟಾಗೊಮ್ಮೆ ಹಳೆಯ ಅಭ್ಯಾಸದಂತೆ ಬೆರಳಿನ ಉಂಗುರದಿಂದ ಮಂಚದ ಸರಳಿಗೆ ಟಕ್ ಅಂತ ಲೆಕ್ಕ ಹಾಕಿದರು. ತುಟಿ ನೀಲಿಯಾಗುವವರೆಗೂ ಮಾಸ್ಕ್ ಇವನ ಕೈಯಲ್ಲೇ ಇತ್ತು. ಆಮೇಲೆ ಸ್ಟುಡಿಯೋದಲ್ಲಿ ಕೂತು ಸದ್ದು ತಗ್ಗಿಸಿ, ಎಳೆದು, ಬೀದಿಯ ಹಾರನ್, ಪಕ್ಕದ ಮನೆಯ ಪಾತ್ರೆ ಎಲ್ಲ ತೊಳೆದು ತೆಗೆದ. ಆ ಟಕ್ ಒಂದನ್ನು ಮಾತ್ರ ತೆಗೆಯಲು ಮನಸ್ಸು ಬರಲಿಲ್ಲ. ಅದು ಹೋದರೆ ಜೀವ ಹೋಗುತ್ತಿತ್ತು. ಕಸುಬುದಾರನ ಕೊಬ್ಬು, ಇನ್ನೇನು.

ಸ್ಟುಡಿಯೋ ಬಾಗಿಲು ತೆಗೆಯುತ್ತಲೇ ಎಲ್ಲರೂ ಒಟ್ಟಿಗೆ ಉಸಿರಾಡಿದರು. ಕ್ಯಾಮೆರಾದವನು, ಎಡಿಟರು, ಮೇಕಪ್ಪಿನವಳು, ಎಲ್ಲರೂ ಸಾಲಾಗಿ ನಿಂತು ಗರಗರ, ಸುಯ್, ಟಕ್. ಅವನಿಗೆ ಮಾಡಿದ ಸನ್ಮಾನ ಅದು. ನಿರ್ದೇಶಕ ಬಂದು ತಬ್ಬಿಕೊಂಡು, "ಏನಯ್ಯಾ ಸದ್ದಪ್ಪ, ಜನಕ್ಕೆ ಹುಚ್ಚು ಹಿಡಿಸಿಬಿಟ್ಟೆಯಲ್ಲೋ" ಅಂದ. ಗೋಡೆಯ ದೊಡ್ಡ ಪರದೆಯಲ್ಲಿ ನೋಡುಗರು ಬರೆದದ್ದು ಸಾಲುಸಾಲಾಗಿ ಮೇಲೇರುತ್ತಿತ್ತು. ಅರ್ಧ ಜನ ಬೈದಿದ್ದರು: ನಾಯಕ ಎಲ್ಲಿ, ಕಥೆ ಎಲ್ಲಿ, ಒಂದು ಗಂಟೆ ಗೊರಕೆ ಕೇಳಿಸಿ ಕಳಿಸಿದಿರಲ್ಲ, ನಿಮ್ಮ ಮನೆ ಹಾಳಾಗ. ಉಳಿದವರು ಉಸಿರಿನ ಮಾತನ್ನೇ ಹಿಡಿದುಕೊಂಡಿದ್ದರು. ಆ ಉಸಿರಿನಲ್ಲಿ ಕಫ ಕಣ್ಣಿಗೆ ಕಾಣಿಸುತ್ತೆ, ಊಟ ಮಾಡ್ತಾ ನೋಡಬೇಡಿ. ಶುರುವಿನಲ್ಲೇ ನಲ್ಲಿ ತಿರುಗಿಸಿದ್ದರೆ ಏಳು ಜನಕ್ಕೂ ನಮಗೂ ನೆಮ್ಮದಿ. ಆ ಟಕ್ ಅದರ ಉಗುರೋ ಕೊಕ್ಕೋ ಅಂತ ಒಂದು ದೊಡ್ಡ ವಾದವೇ ನಡೆದಿತ್ತು. ಯಾರೋ ಒಬ್ಬಳು ಪಾಪ ಅನ್ನಿಸಿತು ಅಂತ ಬರೆದದ್ದಕ್ಕೆ, ಪಾಪ ಅನ್ನಿಸಿದರೆ ನಿಮ್ಮ ಮನೆಗೆ ಕರೆದುಕೊಂಡು ಹೋಗಿ ಅಂತ ಮುಗಿಬಿದ್ದಿದ್ದರು. ನಿರ್ದೇಶಕ ಒಂದನ್ನು ಆರಿಸಿ ಗಟ್ಟಿಯಾಗಿ ಓದಿದ. "ಕೇಳ್ರೋ ಇಲ್ಲಿ. 'ನಮ್ಮತ್ತೆ ದಿನಾ ಹೀಗೇ ಉಸಿರಾಡ್ತಾರೆ. ನಮ್ಮನೇಲೂ ಅಂಥ ಒಂದು ನಲ್ಲಿ ಇದ್ದಿದ್ದರೆ!'" ಸ್ಟುಡಿಯೋ ಹಾರಿಹೋಗುವ ಹಾಗೆ ನಕ್ಕರು. ಸದ್ದಪ್ಪನೂ ನಕ್ಕ. ಸುಮ್ಮನೆ ತುಟಿ ಅಗಲಿಸಿದ್ದಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು ಮೊಬೈಲಿನಲ್ಲಿ ಒಂದೇ ಒಂದು ಸಾಲನ್ನು ಹುಡುಕಿ ತೆಗೆದ: ಈ ಉಸಿರು ಮಾಡಿದವನ ಕೈಗೆ ಮುತ್ತು ಕೊಡಬೇಕು. ಅದನ್ನು ಮತ್ತೆ ಮತ್ತೆ ಓದಿಕೊಂಡ. ನಾಚಿಕೆಯಾಯಿತು. ಇನ್ನೊಂದು ಸಲ ಓದಿದ.

ಮಧ್ಯಾಹ್ನ ಹೆಂಡತಿಯ ಫೋನ್ ಬಂತು. ಸಂಜೆ ಅಕ್ಕ ಭಾವ ಬರುತ್ತಾರಂತೆ. ಆ ಕಂತನ್ನು ಸಂಜೆ ಮತ್ತೆ ಹಾಕುತ್ತಾರಂತೆ, ಎಲ್ಲರೂ ಕೂತು ನೋಡಬೇಕಂತೆ. ನಿನ್ನೆ ಅಪ್ಪ ಔಷಧಿಯ ಮತ್ತಿನಲ್ಲಿ ನಿದ್ದೆ ಹೋಗಿದ್ದರು, ಗಂಡಾಂತರ ಕಳೆಯಿತು ಅಂದುಕೊಂಡಿದ್ದ. "ಟೀವಿ ಕೆಟ್ಟಿದೆ ಅಂತ ಹೇಳು" ಅಂದ.

"ಮಾವ ಬೆಳಿಗ್ಗೆಯಿಂದ ಅದೇ ಜಪ. ಗಡ್ಡ ಬೇರೆ ಮಾಡ್ಕೊಂಡಿದಾರೆ, ಗಲ್ಲ ಕೊಯ್ಕೊಂಡು. ನನ್ನ ಮಗನ ಕೆಲಸ ಊರೆಲ್ಲ ನೋಡಿದೆ ನಾನೊಬ್ಬ ನೋಡಿಲ್ಲ ಅಂತಾರೆ. ಟೀವಿ ಕೆಟ್ಟಿದೆ ಅಂತ ನೀವೇ ಬಂದು ಹೇಳಿ."

"ಅದಲ್ಲ, ಅದರಲ್ಲಿ..."

"ನನಗೆ ಗೊತ್ತಿದೆ ಕಣ್ರೀ. ನಿನ್ನೆ ಅಡುಗೆಮನೆ ಬಾಗಿಲು ಹಾಕ್ಕೊಂಡು ಮೊಬೈಲಲ್ಲಿ ನೋಡಿದೆ. ದಿನವಿಡೀ ಆ ಉಸಿರಿನ ಜೊತೆ ಮನೇಲಿ ಇರೋಳು ನಾನು, ನನಗೆ ಗೊತ್ತಾಗಲ್ವಾ? ಡಾಕ್ಟರಿಗೆ ಅಂತ ಹೇಳಿ ಮಾಡಿಸ್ಕೊಂಡ್ರಲ್ಲ. ನಿಮ್ಮಪ್ಪ ಇವತ್ತಿಗೂ ಕೇಳ್ತಾರೆ, ಡಾಕ್ಟರು ಏನಂದ್ರಂತೆ ಅಂತ."

"ಅವರಿಗೆ ಗೊತ್ತಾಗಬಾರದು ಕಣೆ. ಇನ್ನು ಏನಾದ್ರೂ ಆಗಲಿ, ಅವರಿಗೆ ಮಾತ್ರ ಗೊತ್ತಾಗಬಾರದು."

"ಗೊತ್ತಾಗಲ್ಲ ಬಿಡಿ. ತನ್ನ ಉಸಿರು ತನಗೆ ಯಾರಿಗೂ ಕೇಳಿಸಲ್ಲ" ಅಂತ ಫೋನ್ ಇಟ್ಟಳು.

ಆ ಮಾತನ್ನೇ ಎದೆಗೆ ಕಟ್ಟಿಕೊಂಡು ಮನೆಗೆ ಬಂದ. ಅವಳು ಹೇಳಿದ್ದು ನಿಜ, ಕಸುಬಿನವನಾಗಿ ಅವನಿಗೂ ಗೊತ್ತಿದ್ದ ಸಂಗತಿ. ಎಂಥ ನಟರೂ ತಮ್ಮ ದನಿ ರೆಕಾರ್ಡಿನಲ್ಲಿ ಕೇಳಿ ಇದು ನಾನಲ್ಲ ಅಂತಾರೆ, ಇನ್ನು ಉಸಿರು ಯಾವ ಲೆಕ್ಕ. ಸದ್ದು ತಗ್ಗಿಸಿದ್ದೇನೆ, ಎಳೆದಿದ್ದೇನೆ, ಕಬ್ಬಿಣದ ಗೋಡೆಯ ಗುಂಯ್ ಅನ್ನುವುದನ್ನು ಮೇಲೆ ಹೊದಿಸಿದ್ದೇನೆ. ನಡುಮನೆಯಲ್ಲಿ ಅಪ್ಪ ಮಂಚದ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆನ್ನಿಗೆ ಮೂರು ದಿಂಬು ಇಟ್ಟುಕೊಂಡು ಮದುಮಗನ ಹಾಗೆ ಕೂತಿದ್ದರು. ಗಲ್ಲದ ಮೇಲೆ ಹತ್ತಿಯ ಚೂರು ಅಂಟಿತ್ತು. "ಬಾರೋ ದೊಡ್ಡ ಮನುಷ್ಯ" ಅಂದರು. ಹಾಗೆ ಅವರು ಜನ್ಮದಲ್ಲಿ ಅಂದಿರಲಿಲ್ಲ. ಶಾಲೆ ಬಿಟ್ಟು ಸ್ಟುಡಿಯೋ ಸೇರಿದಾಗ, ಊರಿನ ಮಕ್ಕಳಿಗೆಲ್ಲ ಶಿಸ್ತು ಕಲಿಸಿದೆ, ನನ್ನ ಮಗ ತಗಡು ಬಡಿದು ಅನ್ನ ತಿಂತಾನೆ ಅಂದವರು. ಅಂದದ್ದು ಒಂದು ಸಲ, ಇವನು ನೆನಸಿಕೊಂಡದ್ದು ಎಷ್ಟು ಸಲವೋ. ಮಾಸ್ಕ್ ಕೈಯಲ್ಲಿ ಹಿಡಿದು ಕೊಡದೆ ನಿಂತಾಗ ಆ ತಗಡು ನೆನಪಿಗೆ ಬಂದಿತ್ತೇ ಅಂತ ತನ್ನನ್ನೇ ಕೇಳಿಕೊಂಡ. ಬಂದಿತ್ತು.

ಭಾವ ಒಳಗೆ ಕಾಲಿಡುತ್ತಲೇ ಗರಗರ ಅಂತ ಎಳೆದು, ಸುಯ್ ಅಂತ ಬಿಟ್ಟು, ಬಾಗಿಲಿಗೆ ಬೆರಳಿನಿಂದ ಟಕ್ ಅನ್ನಿಸಿದರು. ಅಕ್ಕ, "ಇವರದು ನಿನ್ನೆಯಿಂದ ಇದೇ ಗೋಳು" ಅಂತ ನಕ್ಕಳು. ಅಪ್ಪನೂ ನಕ್ಕರು, ನಕ್ಕು ಕೆಮ್ಮಿದರು. "ಏನದು ಅಳಿಯಂದಿರೇ?" "ಪ್ರಾಣಿ ಮಾವ, ಪ್ರಾಣಿ. ನಿಮ್ಮ ಮಗ ಸೃಷ್ಟಿ ಮಾಡಿದ್ದು. ಆಫೀಸಿನಲ್ಲಿ ಎಲ್ಲ ಇದನ್ನೇ ಮಾಡ್ತಿದಾರೆ." ಕಂತು ಶುರುವಾಗುವ ತನಕ ಭಾವ ಮೊಬೈಲು ತೆಗೆದು ಜನ ಬರೆದದ್ದನ್ನು ಓದಿದರು, ಅಪ್ಪ ಒಂದೊಂದಕ್ಕೂ ತಲೆದೂಗಿದರು. ಬೈದದ್ದೂ ಅವರಿಗೆ ಹೊಗಳಿಕೆಯಾಗಿಯೇ ಕೇಳಿಸಿತು. ಇಷ್ಟು ಜನ ನೋಡಿದಾರಾ, ಇಷ್ಟು ಜನ ಅಂತ ಸೊಸೆಯ ಕಡೆ ತಿರುಗಿ ಹೇಳಿದರು. ಅವಳು ಎಲ್ಲರಿಗೂ ಟೀ ಕೊಟ್ಟು ಗೋಡೆಗೆ ಒರಗಿ ನಿಂತಳು, ಕೂರಲಿಲ್ಲ. ಸದ್ದಪ್ಪ ರಿಮೋಟು ತನ್ನ ಕೈಯಲ್ಲೇ ಇಟ್ಟುಕೊಂಡ.

ಕಂತು ಶುರುವಾಯಿತು. ಹಡಗು ಬಂತು, ಏಳು ಜನ ಬಂದರು, ಗೋಡೆಯ ಆಚೆ ಉಸಿರು ಬಂತು. ಅವನು ಮೆಲ್ಲಗೆ ವಾಲ್ಯೂಮ್ ಇಳಿಸಿದ. "ಏಯ್, ಜಾಸ್ತಿ ಮಾಡೋ, ಅದೇ ಅಲ್ವಾ ನಿನ್ನ ಕೆಲಸ" ಅಂತ ಅಪ್ಪ ಗದರಿದರು. ಜಾಸ್ತಿ ಮಾಡಿದ. ಅಪ್ಪ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು. ಅವರಿಗೆ ಏನೂ ಗೊತ್ತಾಗಲಿಲ್ಲ. "ಏನೋ ಕಷ್ಟ ಕಣೋ ಅದಕ್ಕೆ" ಅಂದರು ಒಮ್ಮೆ, ಅಷ್ಟೇ. ಸದ್ದಪ್ಪನ ಹೆಗಲು ಸಡಿಲವಾಯಿತು. ಹೆಂಡತಿ ಹೇಳಿದ್ದೇ ಸರಿ, ನಾನು ಬದುಕಿದೆ ಅಂದುಕೊಂಡ. ಹೊತ್ತು ಹೋದ ಹಾಗೆ ಅಪ್ಪನಿಗೆ ಆ ಉಸಿರಿನಿಂದ ಕಿರಿಕಿರಿ ಶುರುವಾಯಿತು. ಮಂಚದ ಮೇಲೆ ಮುಂದೆ ಬಾಗಿದರು, ಡ್ರಿಲ್ ಮೇಷ್ಟ್ರ ದನಿ ಹೊರಟಿತು. "ಏನ್ರೋ ಅದು, ಇನ್ನೂ ಚರ್ಚೆ ಮಾಡ್ತಾ ಕೂತಿದಾರೆ! ಒಂದಕ್ಕೋಸ್ಕರ ಏಳು ಜನ ಸಾಯಬೇಕಾ? ಅದು ಹೇಗೂ ಬದುಕೋದಲ್ಲ. ನಿಲ್ಲಿಸ್ರೋ ಅದರ ಗಾಳಿ!" ಪರದೆಯ ಮೇಲೆ ಏಳು ಜನ ಕೈ ಎತ್ತುವಾಗ ಅಪ್ಪನೂ ಕೈ ಎತ್ತಿದರು. ಭಾವ ಚಪ್ಪಾಳೆ ಹೊಡೆದು, "ಮಾವನ ವೋಟು ನಲ್ಲಿಗೆ" ಅಂತ ಕೂಗಿದರು. ಎಲ್ಲರೂ ನಕ್ಕರು. ಸದ್ದಪ್ಪನಿಗೆ ಅಳು ಬಂದ ಹಾಗಾಯಿತು, ಆದರೆ ಅದರೊಳಗೆ ಸಮಾಧಾನವೂ ಇತ್ತು. ಗೊತ್ತಾಗಲಿಲ್ಲವಲ್ಲ, ಕೈ ಎತ್ತಿದರೆ ಎತ್ತಲಿ.

ಅಷ್ಟು ಕೂಗಿದ್ದಕ್ಕೇ ಅಪ್ಪನಿಗೆ ದಮ್ಮು ಹತ್ತಿತು. ದಿಂಬಿಗೆ ಒರಗಿ ಎಳೆದರು, ತಡೆದರು, ಬಿಟ್ಟರು, ಉಂಗುರದಿಂದ ಸರಳಿಗೆ ಟಕ್. ಅದೇ ಹೊತ್ತಿಗೆ ಟೀವಿಯಲ್ಲಿ ಟಕ್. ಮತ್ತೊಮ್ಮೆ ಎರಡೂ ಎಳೆದವು, ಎರಡೂ ತಡೆದವು, ಎರಡೂ ಬಿಟ್ಟವು. ಟಕ್. "ಅರೆ! ಮಾವನದೂ ಅದೇ ತಾಳ!" ಅಂತ ಭಾವ ನಕ್ಕರು, ನಕ್ಕವರು ಅರ್ಧಕ್ಕೇ ನಿಲ್ಲಿಸಿ ಟೀ ಲೋಟ ನೋಡಿಕೊಂಡರು. ಅಕ್ಕ ಮಂಚವನ್ನು ನೋಡಿದಳು, ಟೀವಿ ನೋಡಿದಳು, ಆಮೇಲೆ ತಮ್ಮನನ್ನು ನೋಡಿದಳು. ಅವನು ನೆಲ ನೋಡಿದ. ಅಪ್ಪ ತಮ್ಮ ಬೆರಳನ್ನು ಸರಳಿನಿಂದ ಎತ್ತಿ ಹಿಡಿದರು. ಟೀವಿಯ ಪ್ರಾಣಿ ತಾನೊಂದೇ ಉಸಿರೆಳೆದು, ತಡೆದು, ಬಿಟ್ಟಿತು. ಅಪ್ಪನ ಬೆರಳು ಗಾಳಿಯಲ್ಲೇ ಇತ್ತು. ಟಕ್ ಅಂದಿತು. ಅವರು ಕೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡು, ಕೊನೆಯವರೆಗೂ ನೋಡಿದರು. ಹಡಗಿನವರು ನಲ್ಲಿ ತಿರುಗಿಸಿದರು. ಉಸಿರು ಸಣ್ಣದಾಯಿತು, ನಿಂತಿತು. ಬಾಗಿಲು ತೆಗೆದವಳ ಮುಖದ ಮೇಲೆ ಬೆಳಕು ಬಿದ್ದು ಜಾಹೀರಾತು ಶುರುವಾಯಿತು. ಸದ್ದಪ್ಪ ರಿಮೋಟು ಒತ್ತಿ ಆರಿಸಿದ.

"ಅಳಿಯಂದಿರೇ, ಇನ್ನೊಂದೆರಡು ಓದಿ" ಅಂದರು ಅಪ್ಪ.

"ಬೇಡ ಬಿಡಿ ಮಾವ, ಕೆಲಸ ಇಲ್ಲದವರು ಏನೇನೋ ಬರೀತಾರೆ."

"ಓದಿ ಅಂದೆನಲ್ಲ."

ಮೂರು ಬೀದಿಯ ಮಕ್ಕಳನ್ನು ನಿಲ್ಲಿಸುತ್ತಿದ್ದ ದನಿಯ ಚೂರೇ ಅದು. ಭಾವ ಬೆವರು ಒರೆಸಿಕೊಂಡು ಓದಿದರು. ಮೆತ್ತಗಿನದನ್ನು ಹುಡುಕಿ ಹುಡುಕಿ ಓದಲು ನೋಡಿದರು, ಸಿಕ್ಕಿದರೆ ತಾನೇ. ಕಫ ಕಣ್ಣಿಗೆ ಕಾಣಿಸುತ್ತೆ. ಕೇಳಿ ಮೈ ತೊಳೆದುಕೊಳ್ಳೋಣ ಅನ್ನಿಸಿತು. ಸಾಯೋದಾದರೆ ಬೇಗ ಸಾಯಬಾರದಾ. ಗಾಬರಿಯಲ್ಲಿ ಅತ್ತೆ ಮತ್ತು ನಲ್ಲಿಯದನ್ನೂ ಓದಿಬಿಟ್ಟರು. ಅಪ್ಪ ಯಾವುದಕ್ಕೂ ಮುಖ ಬದಲಿಸಲಿಲ್ಲ. ಕಿವಿ ಒಂದು ಕಡೆ ವಾಲಿಸಿ, ಆಸ್ಪತ್ರೆಯಲ್ಲಿ ರಿಪೋರ್ಟು ಓದಿ ಹೇಳಿದರೆ ಕೇಳುವ ಹಾಗೆ ಕೇಳಿದರು. ಓದಿ ಮುಗಿದ ಮೇಲೆ ಮಗನ ಕಡೆ ತಿರುಗಿದರು. "ಡಾಕ್ಟರು ಏನೂ ಹೇಳಲೇ ಇಲ್ಲ ಅಂದುಕೊಂಡಿದ್ದೆ. ಇಷ್ಟು ಜನ ಹೇಳಿದಾರಲ್ಲೋ."

"ಅಪ್ಪ, ನಾನು..." ಅಂದ. ಮುಂದಿನ ಮಾತಿಗೆ ಅಪ್ಪ ಕಾಯಲಿಲ್ಲ. ಅವರು ಸೊಸೆಯನ್ನು ಕೇಳಿದರು, "ಅಡುಗೆಮನೆಗೂ ಕೇಳಿಸುತ್ತೇನಮ್ಮ?"

ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಸುಳ್ಳು ಹೇಳೇ ಅಂತ ಸದ್ದಪ್ಪ ಕಣ್ಣಿನಲ್ಲೇ ಬೇಡಿಕೊಂಡ. ಅವಳು ಅವನನ್ನು ನೋಡಿಯೇ ಹೇಳಿದಳು. "ಕೇಳಿಸುತ್ತೆ ಮಾವ."

"ನೀವು ಮಲಗೋ ಕೋಣೆಗೆ?"

"ಅಲ್ಲಿಗೂ."

"ನನಗೆ ಗೊತ್ತೇ ಇರಲಿಲ್ಲ ನೋಡು" ಅಂದರು ಅಪ್ಪ. ಸಿಟ್ಟಿರಲಿಲ್ಲ. ಯಾರದೋ ಮನೆಗೆ ಹೋಗಿ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದುಬಿಟ್ಟೆ ಅಂತ ಗೊತ್ತಾದವರ ಹಾಗೆ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ಒಂದೊಂದೇ ದಿಂಬು ಸರಿಸಿ, ಬೆನ್ನು ನೆಟ್ಟಗೆ ಮಾಡಿ, ಬಾಯಿ ಮುಚ್ಚಿದರು. ಮೂಗಿನಿಂದ ಇಷ್ಟಿಷ್ಟೇ ಎಳೆದುಕೊಂಡರು, ಕಳ್ಳತನ ಮಾಡುವವರಂತೆ, ಸದ್ದಾಗದ ಹಾಗೆ. ಕತ್ತಿನ ನರ ಉಬ್ಬಿತು. ಅಕ್ಕ "ಅಪ್ಪ, ಏನು ಮಾಡ್ತಿದೀರಿ" ಅಂತ ಎದ್ದು ನಿಂತಳು. ಸದ್ದಪ್ಪ ಓಡಿ ಹೋಗಿ ಹಬೆಯ ಯಂತ್ರ ಹಚ್ಚಿ ಮಾಸ್ಕ್ ಹಿಡಿದುಕೊಂಡು ಬಂದ. ಅದು ಗುರ್ರ್ ಅನ್ನುತ್ತಿತ್ತು, ಅಪ್ಪ ಆ ಸದ್ದಿಗೂ ಬೇಡ ಅಂತ ತಲೆಯಾಡಿಸಿ ಅವನ ಕೈ ದೂಡಿದರು, ಸ್ವಿಚ್ಚಿನ ಕಡೆ ತೋರಿಸಿದರು. ಅವನು ಆರಿಸಿದ. ಮನೆಯಲ್ಲಿ ಒಂದು ಸದ್ದಿಲ್ಲ. ಬೇರೆಯವರಿಗೆ ಇಲ್ಲ, ಅವನಿಗೆ ಎಲ್ಲ ಕೇಳಿಸುತ್ತಿತ್ತು. ಒಳಗೆ ಕುದಿಯುತ್ತಿದ್ದ ಗರಗರ, ಗಂಟಲಲ್ಲಿ ಅಡ್ಡ ನಿಂತ ಗಾಳಿ, ಹಲ್ಲು ಕಚ್ಚಿದ್ದು, ಒಂದೊಂದೂ ಬಿಡಿಬಿಡಿಯಾಗಿ. ಅಪ್ಪನ ತುಟಿಯ ಅಂಚು ಕಪ್ಪಿಡುತ್ತಾ ಬಂತು.

"ಈಗ?" ಅಂದರು ಅಪ್ಪ, ತುಟಿ ತೆರೆದೂ ತೆರೆಯದ ಹಾಗೆ. "ಕೇಳಿಸ್ತಾ?"

ಕೇಳಿಸುತ್ತೆ ಅಂದರೆ ಇನ್ನೂ ಬಿಗಿ ಹಿಡಿಯುತ್ತಾರೆ. ಇಲ್ಲ ಅಂದರೆ ಇದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಸದ್ದಪ್ಪ ಮಾಸ್ಕ್ ಕೈಯಲ್ಲಿ ಹಿಡಿದುಕೊಂಡು ಮಂಚದ ಹತ್ತಿರ ನಿಂತಿದ್ದ. ಅಪ್ಪ ಉತ್ತರಕ್ಕೆ ಕಾಯುತ್ತಾ ಉಸಿರು ಕಟ್ಟಿದ್ದರು, ಕಣ್ಣಿನಲ್ಲಿ ನೀರು ತುಂಬಿತ್ತು.

"ಇಲ್ಲಪ್ಪ" ಅಂದ.

ಅಪ್ಪನಿಗೆ ಖುಷಿಯಾಯಿತು. ತಲೆಯಾಡಿಸಿ, ಭಾವ ಅಕ್ಕ ಸೊಸೆ ಎಲ್ಲರನ್ನೂ ಒಮ್ಮೆ ನೋಡಿ, "ಇನ್ನೂ ಕಮ್ಮಿ ಮಾಡ್ತೀನಿ ನೋಡ್ತಿರಿ" ಅಂದು ಮತ್ತೆ ಬಾಯಿ ಮುಚ್ಚಿಕೊಂಡರು.